ಇಗ್ಬೊ ಹೆಂಗಸರಿಗೆ ಹಿಂದೆ ಅಧಿಕಾರ ಇತ್ತೇ, ಇರಲಿಲ್ಲವೇ?

ನೀವು ಕೇಳಿರುವುದು ಇಷ್ಟು: ನೈಜೀರಿಯಾದ ಇಗ್ಬೊ ಜನರಲ್ಲಿ ಹೆಂಗಸರಿಗೆ ಹಿಂದೆ ದೊಡ್ಡ ಅಧಿಕಾರ ಇತ್ತು, ಬ್ರಿಟಿಷರು ಬಂದು ಕಿತ್ತುಕೊಂಡರು ಅಂತ ಒಂದು ಕಡೆ ಓದಿದ್ದೀರಿ. ಇನ್ನೊಂದು ಕಡೆ, ಹೆಣ್ಣಿಗೆ ಆಸ್ತಿಯೇ ಇಲ್ಲ, ವಿಧವೆಯ ತಲೆ ಬೋಳಿಸುತ್ತಾರೆ ಅಂತ ಓದಿದ್ದೀರಿ. ಯಾವುದು ನಿಜ, ಈಗ ಏನಾಗಿದೆ, ಬದಲಾಗದೆ ಉಳಿದದ್ದು ಯಾವುದು?

ಎರಡೂ ನಿಜ. "ಇಗ್ಬೊ ಹೆಂಗಸಿನ ಸ್ಥಾನ" ಅಂತ ಒಂದೇ ಸ್ಥಾನ ಹುಡುಕುವುದರಿಂದ ಗೊಂದಲ ಹುಟ್ಟುತ್ತದೆ. ಅಲ್ಲಿ ಮದುವೆಯಾದ ಪ್ರತಿ ಹೆಂಗಸಿಗೂ ಎರಡು ಊರು. ಒಂದೇ ಕುಲದೊಳಗೆ ಮದುವೆ ಕೂಡದು, ಹಾಗಾಗಿ ಹೆಣ್ಣು ಬೇರೆ ಊರಿಗೆ, ಹೆಚ್ಚಾಗಿ ಪಕ್ಕದ ಊರಿಗೆ, ಹೋಗುತ್ತಾಳೆ. ತಂದೆಯ ಕಡೆಯಿಂದ ಬರುವ ಕುಲಕ್ಕೆ ಉಮುನ್ನಾ ಅನ್ನುತ್ತಾರೆ. ಜಮೀನು ಇರುವುದು ಅದರ ಕೈಯಲ್ಲಿ. ಆ ಕುಲದಲ್ಲಿ ಹುಟ್ಟಿದ ಹೆಣ್ಣುಮಕ್ಕಳ ಕೂಟ ಉಮುಅಡಾ. ಆ ಕುಲಕ್ಕೆ ಮದುವೆಯಾಗಿ ಬಂದವರ ಕೂಟ ಬೇರೆ, ಅದಕ್ಕೆ ಊರೂರಿಗೆ ಒಂದೊಂದು ಹೆಸರು, ಇನ್ಯೊಮ್ ಡಿ ಅನ್ನುವುದು ಒಂದು. ನಮ್ಮ ಮಾತಿನಲ್ಲಿ ಹೇಳುವುದಾದರೆ ನಾದಿನಿಯರ ಸಂಘ ಒಂದು, ಸೊಸೆಯರ ಸಂಘ ಇನ್ನೊಂದು. ಒಬ್ಬಳೇ ಹೆಂಗಸು ತವರಲ್ಲಿ ಮೊದಲನೆಯದಕ್ಕೆ ಸೇರಿದವಳು, ಗಂಡನ ಊರಲ್ಲಿ ಎರಡನೆಯದಕ್ಕೆ.

ಇದರಲ್ಲಿ ತೂಕ ಜಾಸ್ತಿ ನಾದಿನಿಯರದು. ತವರಲ್ಲಿ ಸಾವಾದರೆ ಉಮುಅಡಾ ಒಟ್ಟಾಗಿ ಬಂದು ಹಟ್ಟಿಯಲ್ಲಿ ಒಂದು ವಾರ ಬಿಡಾರ ಹೂಡುತ್ತಾರೆ. ಇಗ್ಬೊ ವಾರಕ್ಕೆ ನಾಲ್ಕೇ ದಿನ: ಎಕೆ, ಒರಿಎ, ಅಫೊ, ನ್ಕ್ವೊ. ನಾಲ್ಕೂ ಸಂತೆಯ ಹೆಸರುಗಳೇ. ಆ ಒಂದು ವಾರ ಅವರ ಊಟ ಉಪಚಾರದಲ್ಲಿ ಕೊರತೆಯಾಗುವಂತಿಲ್ಲ. ಸತ್ತ ಅಣ್ಣನನ್ನು ಅವನ ಹೆಂಡತಿ ಸರಿಯಾಗಿ ನೋಡಿಕೊಳ್ಳಲಿಲ್ಲ ಅನ್ನಿಸಿದರೆ ದಂಡ ಹಾಕುತ್ತಾರೆ. ಅವರು ಮುನಿಸಿಕೊಂಡರೆ ಮಣ್ಣು ಮಾಡುವ ಕೆಲಸವೇ ನಿಂತೀತು. ಅಣ್ಣತಮ್ಮಂದಿರ ಜಗಳ ಗಂಡಸರ ಪಂಚಾಯಿತಿಯಲ್ಲಿ ಹರಿಯದಿದ್ದಾಗ ಕರೆಸುವುದೂ ಇವರನ್ನೇ.

ವಿಧವೆಯ ತಲೆ ಬೋಳಿಸುವುದು, ಆಕೆಯನ್ನು ಒಂದು ಕೋಣೆಯಲ್ಲಿ ಕೂರಿಸುವುದು, ವರ್ಷವಿಡೀ ಶೋಕದ ಬಟ್ಟೆ ಉಡಿಸುವುದು ಇವೆಯಲ್ಲ, ಅವನ್ನು ನಡೆಸುವವರೂ ಬಹಳ ಕಡೆ ಇದೇ ಉಮುಅಡಾ. ಕ್ಷೌರದ ಕತ್ತಿ ಹಿಡಿದವಳು ಗಂಡ ಸತ್ತರೆ ತನ್ನ ಗಂಡನ ಊರಿನಲ್ಲಿ ಇನ್ನೊಬ್ಬರ ಕತ್ತಿಗೆ ತಲೆ ಕೊಡಬೇಕು. "ಗಂಡಸರು ಹೆಂಗಸರನ್ನು ತುಳಿದರು" ಅನ್ನುವ ಸರಳ ವಿವರಣೆ ನನಗೆ ಸಾಲದು ಅನ್ನಿಸುವುದು ಇದೇ ಕಾರಣಕ್ಕೆ.

ದುಡಿಮೆಗೆ ಬರೋಣ. ಹೊಲದಲ್ಲಿ ಜಿ ಎಂಬ ದೊಡ್ಡ ಗೆಣಸು ಗಂಡಸಿನ ಬೆಳೆ. ಅದಕ್ಕೆ ದೇವರಿದೆ, ಹಬ್ಬವಿದೆ, ಬಿರುದಿದೆ. ಕೆಸುವಿನ ಗೆಡ್ಡೆ, ಬೆಂಡೆ, ಸೊಪ್ಪು, ಆಮೇಲೆ ಬಂದ ಮರಗೆಣಸು ಹೆಂಗಸಿನವು. ಮರಗೆಣಸಿಗೆ ಮೊದಲು ಮರ್ಯಾದೆ ಇರಲಿಲ್ಲ. 1918ರ ಇನ್‌ಫ್ಲುಯೆಂಜಾದಲ್ಲಿ ಆಳುಗಳು ಸತ್ತು, ಗುಣಿ ತೋಡಿ ಊರುಗೋಲು ಕೊಟ್ಟು ಜಿ ಬೆಳೆಯುವ ಕಸುವು ಕುಂದಿದಾಗ ಅದು ಬೇಗ ಹರಡಿತು. ಹಸಿವಿನ ತಿಂಗಳುಗಳಲ್ಲಿ ಮನೆ ತೂಗಿಸುವ ಬೆಳೆ ಹೀಗೆ ಹೆಂಗಸಿನ ಪಾಲಿಗೆ ಬಂತು.

ಎಣ್ಣೆ ತಾಳೆಯ ಲೆಕ್ಕ ಇನ್ನೂ ಸ್ವಾರಸ್ಯದ್ದು. ಹಗ್ಗ ಕಟ್ಟಿಕೊಂಡು ಮರ ಹತ್ತಿ ಗೊನೆ ಕಡಿಯುವವನು ಗಂಡಸು. ಹಣ್ಣು ಬಿಡಿಸಿ, ಬೇಯಿಸಿ, ಕುಟ್ಟಿ, ಕೆಂಪೆಣ್ಣೆ ತೆಗೆಯುವವಳು ಹೆಂಗಸು. ಎಣ್ಣೆಯ ಹಣ ಗಂಡನಿಗೆ. ಉಳಿದ ಓಟೆಯನ್ನು ಕಲ್ಲಿನ ಮೇಲೆ ಒಂದೊಂದಾಗಿ ಒಡೆದು ತೆಗೆದ ಬೀಜ ಹೆಂಡತಿಗೆ. ಯುರೋಪಿನ ಸೋಪು, ಮಾರ್ಗರೀನ್ ಕಾರ್ಖಾನೆಗಳಿಗೆ ಆ ಬೀಜ ಬೇಕಾದಾಗ ಹೆಂಡತಿಯ ಗಂಟಿನಲ್ಲಿ ನಗದು ಸೇರಿತು. ಮುಂದೆ 1940ರ ದಶಕದಲ್ಲಿ ಎಣ್ಣೆ ಗಿರಣಿಗಳು ಬಂದಾಗ ಹೆಂಗಸರು ತಿರುಗಿಬಿದ್ದದ್ದು ಯಂತ್ರದ ಭಯದಿಂದಲ್ಲ. ಗಂಡ ಗೊನೆಯನ್ನು ಇಡಿಯಾಗಿ ಗಿರಣಿಗೆ ಮಾರಿದರೆ ಬೀಜವೂ ಅದರ ಜೊತೆಗೇ ಹೋಗುತ್ತದೆ.

ಸಂತೆ ಪೂರ್ತಿ ಹೆಂಗಸರದೇ. ನೈಜರ್ ನದಿಯ ದಡದ ಒನಿಚಾ, ಅಸಾಬಾ ಕಡೆ ಸಂತೆಗೆ ಓಮು ಎಂಬ ಹೆಣ್ಣು ಮುಖ್ಯಸ್ಥೆ ಇದ್ದಳು. ಆಕೆ ರಾಜನ ಹೆಂಡತಿಯಲ್ಲ. ಆಕೆಗೇ ಪ್ರತ್ಯೇಕ ಮಂತ್ರಿಮಂಡಲ. ಒನಿಚಾದಲ್ಲಿ ಆ ಗದ್ದುಗೆ 19ನೇ ಶತಮಾನದ ಕೊನೆಗೇ ಖಾಲಿಯಾಯಿತು, ನದಿಯ ಪಶ್ಚಿಮದ ಕೆಲವು ಊರುಗಳಲ್ಲಿ ಇವತ್ತಿಗೂ ಇದೆ. ಆದರೆ ಇದನ್ನು ಎಲ್ಲ ಇಗ್ಬೊ ಊರಿಗೂ ಹಚ್ಚಬೇಡಿ. "ಇಗ್ಬೊ ಎನ್ವೆ ಎಜೆ" ಅಂತ ಅವರದೇ ಮಾತಿದೆ, ಇಗ್ಬೊಗಳಿಗೆ ರಾಜನಿಲ್ಲ ಅಂತ. ಹೆಚ್ಚಿನ ಊರುಗಳಲ್ಲಿ ರಾಜನೂ ಇಲ್ಲ, ರಾಣಿಯೂ ಇಲ್ಲ. ಇದ್ದದ್ದು ಕೂಟಗಳು.

ಈ ಕೂಟದ ಕೈಯಲ್ಲಿದ್ದ ಅಸ್ತ್ರವೇ "ಗಂಡಸಿನ ಮೇಲೆ ಕೂರುವುದು". ಒಬ್ಬ ಹೆಂಡತಿಯನ್ನು ಮಿತಿಮೀರಿ ಹೊಡೆದ, ಸಂತೆಯ ಕಟ್ಟಳೆ ಮುರಿದ, ಅಥವಾ ದನ ಬಿಟ್ಟು ಹೆಂಗಸರ ಬೆಳೆ ಮೇಯಿಸಿದ ಅನ್ನಿ. ಮೊದಲು ಹೆಂಗಸರ ಸಭೆಯಲ್ಲಿ ದೂರು, ಆಮೇಲೆ ಎಚ್ಚರಿಕೆ. ಕೇಳದಿದ್ದರೆ ರಾತ್ರಿ ಎಲ್ಲರೂ ಒನಕೆ ಹಿಡಿದು ಅವನ ಹಟ್ಟಿಗೆ ಹೋಗುತ್ತಾರೆ. ಅವನ ತಪ್ಪುಗಳನ್ನೆಲ್ಲ ಹಾಡು ಕಟ್ಟಿ ಹಾಡುತ್ತಾರೆ, ಅವನ ಗಂಡಸುತನದ ಮೇಲೂ ಒಂದೆರಡು ಸಾಲು ಇದ್ದೇ ಇರುತ್ತದೆ. ಒನಕೆಯಿಂದ ಗೋಡೆ ಬಡಿಯುತ್ತಾರೆ. ತೀರಾ ಮೊಂಡನಾದರೆ ಗುಡಿಸಿಲಿಗೆ ಕೆಸರು ಮೆತ್ತುತ್ತಾರೆ, ಚಾವಣಿ ಕಿತ್ತುಹಾಕುತ್ತಾರೆ. ಅವನು ತಪ್ಪೊಪ್ಪಿಕೊಳ್ಳುವವರೆಗೆ ಕದಲುವುದಿಲ್ಲ. ಉಳಿದ ಗಂಡಸರು ಬಿಡಿಸಲು ಬರುವುದಿಲ್ಲ, ಮಾಡಿದ್ದುಣ್ಣು ಅಂತ ಸುಮ್ಮನಿರುತ್ತಾರೆ. ಇದು ದೊಂಬಿಯಲ್ಲ, ಮೆಟ್ಟಿಲು ಮೆಟ್ಟಿಲಾಗಿ ನಡೆಯುವ ಶಿಕ್ಷೆ.

ಬ್ರಿಟಿಷರಿಗೆ ಅರ್ಥವಾಗದೆ ಹೋದದ್ದು ಇದೇ. ರಾಜರಿಲ್ಲದ ಊರುಗಳಿಗೆ ಅವರು ತಾವೇ ಸನದು ಕೊಟ್ಟು "ವಾರಂಟ್ ಚೀಫ್"ಗಳನ್ನು ನೇಮಿಸಿದರು. ಅವರಲ್ಲಿ ಹೆಣ್ಣು ಒಬ್ಬಳೇ, ಎನುಗು-ಎಜಿಕೆಯ ಅಹೆಬಿ ಉಗ್ಬಾಬೆ, 1918ರಲ್ಲಿ. 1928ರಲ್ಲಿ ಗಂಡಸರ ಮೇಲೆ ತಲೆಗಂದಾಯ ಬಿತ್ತು. ಮರುವರ್ಷ ತಾಳೆಯ ಬೆಲೆ ಇಳಿಯುತ್ತಿದ್ದಾಗಲೇ ಹೆಂಗಸರನ್ನೂ ಆಡುಕುರಿಗಳನ್ನೂ ಎಣಿಸಲು ಶುರುಮಾಡಿದರು. ಮುಂದಿನ ಕಂದಾಯ ತಮ್ಮ ಮೇಲೇ ಎಂದು ಹೆಂಗಸರಿಗೆ ಅನ್ನಿಸಿತು. ಹಿಂದಿನ ಎಣಿಕೆಯೂ ಹಾಗೆಯೇ ಕಂದಾಯದಲ್ಲಿ ಮುಗಿದಿತ್ತಲ್ಲ.

1929ರ ನವೆಂಬರ್, ಒಲೊಕೊ ಎಂಬ ಊರು. ನ್ವಾನ್ಯೆರುವಾ ಎಂಬ ವಿಧವೆ ತಾಳೆ ಎಣ್ಣೆ ತೆಗೆಯುತ್ತಿದ್ದಳು. ಚೀಫ್ ಒಕುಗೊ ಕಳಿಸಿದ ಎಣಿಕೆದಾರ ಬಂದು, ನಿನ್ನ ಆಡು, ಕುರಿ, ಜನ ಎಣಿಸಿ ಹೇಳು ಅಂದ. "ನಿನ್ನ ಅವ್ವನನ್ನು ಯಾರಾದರೂ ಎಣಿಸಿದ್ದರೇ?" ಅಂತ ಆಕೆ ತಿರುಗಿ ಕೇಳಿದಳು. ಇಬ್ಬರೂ ಕತ್ತು ಹಿಡಿದುಕೊಂಡರು. ಆಕೆಯ ಕೈಯೆಲ್ಲ ಎಣ್ಣೆ. ಅಲ್ಲಿಂದ ನೇರ ಹೆಂಗಸರ ಸಭೆಗೆ ಓಡಿದಳು. ಸುತ್ತಲ ಊರುಗಳಿಗೆ ತಾಳೆ ಗರಿ ಹೋಯಿತು. ಗರಿ ಬಂತೆಂದರೆ ಕರೆ ಬಂತೆಂದು ಅರ್ಥ. ಮುಖಕ್ಕೆ ಮಸಿ, ತಲೆಗೆ ಎಳೆ ಗರಿ, ಕೈಯಲ್ಲಿ ಗರಿ ಸುತ್ತಿದ ಕೋಲು, ಹೀಗೆ ಹೆಂಗಸರು ಸಾವಿರಗಟ್ಟಲೆ ನೆರೆದು ಒಕುಗೊನ ಮೇಲೆ "ಕೂತರು". ಅವನ ಸನದಿನ ಗುರುತಾದ ಟೋಪಿ ಹೋಯಿತು, ಎರಡು ವರ್ಷ ಜೈಲೂ ಆಯಿತು.

ಅಲ್ಲಿಗೆ ನಿಲ್ಲಲಿಲ್ಲ. ಆಬಾ ಪಟ್ಟಣದ ಅಂಗಡಿ, ಬ್ಯಾಂಕು, ಸುತ್ತಲಿನ, ವಾರಂಟ್ ಚೀಫ್‌ಗಳು ಕೂರುವ ನೇಟಿವ್ ಕೋರ್ಟುಗಳ ಮೇಲೆ ಹೆಂಗಸರು ಮುಗಿಬಿದ್ದರು. ಇಬಿಬಿಯೊ ಮುಂತಾದ ನೆರೆಯ ಜನರ ಹೆಂಗಸರೂ ಸೇರಿಕೊಂಡರು. ಹೆಂಗಸರ ಮೇಲೆ ಗುಂಡು ಹಾರಿಸುವುದಿಲ್ಲ ಎಂದು ಅವರು ನಂಬಿದ್ದರು. ಸೈನಿಕರು ಹಾರಿಸಿದರು. ಡಿಸೆಂಬರ್ ಮುಗಿಯುವ ಹೊತ್ತಿಗೆ 50ಕ್ಕೂ ಹೆಚ್ಚು ಹೆಂಗಸರು ಸತ್ತಿದ್ದರು. ಸರಕಾರಿ ಕಡತದಲ್ಲಿ ಇದು "ಆಬಾ ದೊಂಬಿ". ಇಗ್ಬೊದಲ್ಲಿ "ಒಗು ಉಮುನ್ವಾನ್ಯಿ", ಹೆಂಗಸರ ಯುದ್ಧ.

ಫಲ? ಹೆಂಗಸರ ಮೇಲೆ ಕಂದಾಯ ಬರಲಿಲ್ಲ. ವಾರಂಟ್ ಚೀಫ್ ಪದ್ಧತಿ ಕುಸಿಯಿತು. ಹೊಸ ಕೋರ್ಟುಗಳಲ್ಲಿ ಬೆರಳೆಣಿಕೆಯಷ್ಟು ಹೆಂಗಸರೂ ಕೂತರು. ಆದರೆ ಜನ ತಾವೇ ಶಿಕ್ಷೆ ಕೊಡುವುದು ಕಾನೂನಿಗೆ ವಿರುದ್ಧ ಅಂತಾಯಿತು. ಅಂದರೆ ಒನಕೆ ಹಿಡಿದು ಹೋಗುವುದು ಅಪರಾಧ. ಆದ್ದರಿಂದ "ಬ್ರಿಟಿಷರು ಕಿತ್ತುಕೊಂಡರು" ಅನ್ನುವ ಮಾತು ನಿಜವಾದರೂ ಏನನ್ನು ಕಿತ್ತುಕೊಂಡರು ಎಂದು ಕೇಳಬೇಕು. ಜಮೀನು ಹೆಂಗಸರ ಕೈಯಲ್ಲಿ ಮೊದಲೂ ಇರಲಿಲ್ಲ. ಸಭೆ-ಸಮಾರಂಭದಲ್ಲಿ ಕೋಲಾ ಕಾಯಿ ಒಡೆದು ಪ್ರಾರ್ಥಿಸುವ ಹಕ್ಕು ಆಗಲೂ ಗಂಡಸಿನದು, ಈಗಲೂ ಗಂಡಸಿನದು. ಮುಖವಾಡದ ಕುಣಿತದ ಗುಟ್ಟು ಹೆಂಗಸಿಗೆ ನಿಷಿದ್ಧ. ಅಹೆಬಿ ರಾಜನಂತೆ ಮೆರೆದರೂ ತನ್ನದೇ ಮುಖವಾಡ ಹೊರಡಿಸಿದಾಗ ಊರ ಗಂಡಸರು ಅದನ್ನು ಕಸಿದುಕೊಂಡರು. ಬ್ರಿಟಿಷರ ಕಡೆಯಿಂದಲೂ ಆಕೆಗೆ ಬೆಂಬಲ ಸಿಗಲಿಲ್ಲ.

ಮದುವೆ ವಿಚಾರದಲ್ಲಿ ತೆರದ ಬಗ್ಗೆ, ಅಂದರೆ ಹೆಣ್ಣಿಗಾಗಿ ಗಂಡಿನವರು ಕೊಡುವ ಹಣದ ಬಗ್ಗೆ, ಹೊರಗಿನವರು ಬಹಳ ತಪ್ಪಾಗಿ ಬರೆಯುತ್ತಾರೆ. ತೆರದ ಮೊತ್ತ ಚಿಕ್ಕದು. ಎರಡು ಮನೆಯ ಹಿರಿಯರು ಕಡ್ಡಿಪೊರಕೆಯ ಕಡ್ಡಿಗಳನ್ನು ಅತ್ತಿತ್ತ ಸರಿಸಿ, ಬಾಯಲ್ಲಿ ಮೊತ್ತ ಹೇಳದೆ ಚೌಕಾಶಿ ಮಾಡುತ್ತಾರೆ. ಎಷ್ಟೋ ಮನೆಗಳಲ್ಲಿ "ನಾವು ಮಗಳನ್ನು ಮಾರುತ್ತಿಲ್ಲ" ಅಂತ ಕೊಟ್ಟದ್ದರಲ್ಲಿ ಒಂದಿಷ್ಟು ವಾಪಸು ಕೊಡುತ್ತಾರೆ. ಜೇಬು ಖಾಲಿಯಾಗುವುದು ಪಟ್ಟಿಯಿಂದ: ಉಮುನ್ನಾಗೆ ಹೆಂಡ, ಉಮುಅಡಾಗೆ ಬಟ್ಟೆ, ತಾಯಿಗೆ ಬೇರೆ, ಯುವಕರಿಗೆ ಬೇರೆ, ಆಡು, ಗೆಣಸು, ಉಪ್ಪು, ಸೋಪು. ಎಂಬೈಸೆ ಕಡೆಯ ಪಟ್ಟಿ ಉದ್ದಕ್ಕೇ ಹೆಸರುವಾಸಿ. 1956ರಲ್ಲಿ ಪೂರ್ವ ನೈಜೀರಿಯಾ ಸರಕಾರ ತೆರಕ್ಕೆ 30 ಪೌಂಡ್ ಮಿತಿ ಹಾಕಿತ್ತು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸಿಕ್ಕು ಇರುವುದು ಮದುವೆ ಮುರಿದಾಗ: ಸಂಪ್ರದಾಯದ ಪ್ರಕಾರ ತೆರ ಹಿಂದಿರುಗಿಸುವವರೆಗೆ ಆಕೆ ಅವನ ಹೆಂಡತಿಯೇ, ಆ ನಡುವೆ ಹುಟ್ಟಿದ ಮಗುವನ್ನೂ ಅವನು ತನ್ನದೆಂದು ಕೇಳಬಹುದು.

ತೆರ ಕೊಟ್ಟವರ ಕುಲಕ್ಕೆ ಮಗು ಸೇರುತ್ತದೆ, ಇದು ಮೂಲ ಸೂತ್ರ. ಮಕ್ಕಳಿಲ್ಲದ ಅನುಕೂಲಸ್ಥ ಹೆಂಗಸು ತಾನೇ ತೆರ ಕೊಟ್ಟು ಇನ್ನೊಬ್ಬಳನ್ನು "ಮದುವೆ"ಯಾಗುತ್ತಿದ್ದದ್ದೂ ಇದರಿಂದಲೇ. ಹುಟ್ಟಿದ ಮಕ್ಕಳು ಈಕೆಯ ಮನೆಯವರು. ಗಂಡುಮಗನಿಲ್ಲದ ಅಪ್ಪ ಮಗಳನ್ನು ಮದುವೆ ಮಾಡದೆ ಉಳಿಸಿಕೊಂಡು, ಆಕೆಯ ಮಕ್ಕಳಿಂದ ಮನೆ ಮುಂದುವರಿಸುವ ನ್ರಾಚಿ ಪದ್ಧತಿಯೂ ಇದರ ಕೂಸೇ. ಮನೆ ಮುಚ್ಚಿಹೋಗುವ ಆ ಭಯ ಹೆಸರಿನಲ್ಲೂ ಇದೆ. ಅಹಮೆಫುಲಾ ಅಂದರೆ "ನನ್ನ ಹೆಸರು ಅಳಿಯದಿರಲಿ", ಗಂಡುಮಗುವಿಗೆ ಇಡುವ ಹೆಸರು. ಹೆಣ್ಣುಮಗುವಿಗೆ ನ್ವಾನ್ಯಿಬುಇಫೆ ಎಂಬ ಹೆಸರುಂಟು, "ಹೆಣ್ಣೂ ಒಂದು ವಸ್ತುವೇ" ಅಂತ. ಸಮಾಧಾನವೋ ವಾದವೋ, ನೀವೇ ಹೇಳಿ.

ಈಗ ಆಸ್ತಿ. 2014ರಲ್ಲಿ ನೈಜೀರಿಯಾದ ಸುಪ್ರೀಂ ಕೋರ್ಟ್ ಉಕೆಜೆ ಪ್ರಕರಣದಲ್ಲಿ, ಮಗಳಿಗೆ ತಂದೆಯ ಆಸ್ತಿಯಲ್ಲಿ ಪಾಲಿಲ್ಲ ಎನ್ನುವ ಇಗ್ಬೊ ಪದ್ಧತಿ ಭೇದಭಾವ ಕೂಡದೆನ್ನುವ ಸಂವಿಧಾನದ 42ನೇ ವಿಧಿಗೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ಅದೇ ವರ್ಷ ಇನ್ನೊಂದು ಪ್ರಕರಣದಲ್ಲಿ, ಗಂಡುಮಕ್ಕಳಿಲ್ಲ ಅಂತ ವಿಧವೆಯನ್ನು ಮನೆಯಿಂದ ಹೊರಹಾಕುವುದನ್ನೂ ತಳ್ಳಿಹಾಕಿತು. ಕೇಸು ಹಾಕಿದ ಮಗಳು ಉಕೆಜೆಯ ತಂದೆ ಲಾಗೋಸಿನಲ್ಲಿ ತೀರಿಕೊಂಡದ್ದು 1981ರಲ್ಲಿ. ಲೆಕ್ಕ ಹಾಕಿ, ತೀರ್ಪಿಗೆ 33 ವರ್ಷ. ಇದರ ಉಪಯೋಗ ಎಲ್ಲಿ ಆಗುತ್ತದೆಂದರೆ ನಗರದ ಮನೆ, ನಿವೇಶನ, ಬ್ಯಾಂಕ್ ಖಾತೆಯಂಥ ಕಾಗದಪತ್ರ ಇರುವ ಕಡೆ. ಹಳ್ಳಿಯ ಜಮೀನಿಗೆ ಬಹಳ ಸಲ ದಾಖಲೆಯೇ ಇಲ್ಲ. ಗಡಿ ಎಲ್ಲಿ ಅಂತ ಸಾಕ್ಷಿ ಹೇಳಬೇಕಾದವರು ಎದುರಾಳಿಗಳಾದ ಉಮುನ್ನಾದವರೇ. ಕೋರ್ಟಿಗೆ ಹೋದವಳು ಗೆದ್ದರೂ ತವರಿನ ಸಾವು-ಮದುವೆಗೆ ಹೇಗೆ ಹೋಗಬೇಕು? ಹಾಗಾಗಿ ತಿಳಿದ ಅಪ್ಪಂದಿರು ಬದುಕಿರುವಾಗಲೇ ನಗರದ ಸ್ವಯಾರ್ಜಿತವನ್ನು ಮಗಳ ಹೆಸರಿಗೆ ಬರೆಯುತ್ತಾರೆ, ಹಳ್ಳಿಯ ಹಿರೀಮನೆಯನ್ನು ಹಿರಿಮಗನಿಗೆ ಬಿಡುತ್ತಾರೆ. ವಿಧವೆಯರಿಗೆ ಬಲವಂತದ ಆಚರಣೆ ಮಾಡಿಸುವುದು ಎನುಗು ರಾಜ್ಯದಲ್ಲಿ 2001ರಿಂದ ಅಪರಾಧ. ಆದರೆ ನಾದಿನಿಯ ಮೇಲೆ ಪೊಲೀಸಿಗೆ ದೂರು ಕೊಡುವ ವಿಧವೆ ಅಪರೂಪ.

ಶಾಲೆ, ಚರ್ಚು, ಉದ್ಯೋಗದ ಕಥೆ ನಿಮಗೆ ಎಲ್ಲಿ ಬೇಕಾದರೂ ಸಿಗುತ್ತದೆ, ನಾನು ಬೆಳೆಸುವುದಿಲ್ಲ. 2006ರಲ್ಲಿ ಅನಂಬ್ರಾ ರಾಜ್ಯದ ವರ್ಜೀನಿಯಾ ಎಟಿಯಾಬಾ ಮೂರು ತಿಂಗಳು ಗವರ್ನರ್ ಆದರು, ದೇಶದಲ್ಲೇ ಮೊದಲ ಮಹಿಳೆ. 2021ರಿಂದ ವಿಶ್ವ ವ್ಯಾಪಾರ ಸಂಘಟನೆಯ ಚುಕ್ಕಾಣಿ ಹಿಡಿದಿರುವ ಎನ್‌ಗೋಜಿ ಒಕೊಂಜೊ-ಇವೇಲಾ ಕೂಡ ಇಗ್ಬೊ.

ನನಗೆ ಇವಕ್ಕಿಂತ ಹೆಚ್ಚು ಹೇಳಬೇಕೆನಿಸುವುದು ಆಗಸ್ಟ್ ಮೀಟಿಂಗ್ ಬಗ್ಗೆ. ಪ್ರತಿ ಆಗಸ್ಟಿನಲ್ಲಿ ಲಾಗೋಸ್, ಅಬುಜಾ, ಕೆಲವೊಮ್ಮೆ ಲಂಡನ್ನಿನಿಂದಲೂ ಹೆಂಗಸರು ಊರಿಗೆ ಬಂದು ಸಭೆ ಸೇರುತ್ತಾರೆ. ಬರುವುದು ತವರಿಗಲ್ಲ, ಗಂಡನ ಊರಿಗೆ. ಅಂದರೆ ಸೊಸೆಯರ ಹಳೆಯ ಕೂಟವೇ ನಗರದ ದುಡ್ಡು ಸೇರಿ ಬಲಿತಿದೆ. ತಲಾ ಇಷ್ಟು ವಂತಿಗೆ, ಬಾರದವರಿಗೆ ದಂಡ. ಆ ಹಣದಲ್ಲಿ ಹೆರಿಗೆ ಆಸ್ಪತ್ರೆ, ಸಂತೆ ಮಳಿಗೆ, ಸಭಾಭವನ ಎದ್ದಿವೆ. ಕೆಡುವುದು ಎರಡು ಕಡೆ: ಲೆಕ್ಕ ಒಪ್ಪಿಸದ ಖಜಾಂಚಿ, ಮತ್ತು ಬಟ್ಟೆ. ಎಲ್ಲರಿಗೂ ಒಂದೇ ನಮೂನೆಯ ಬಟ್ಟೆ ಅಂತ ಗೊತ್ತುಮಾಡಿದಾಗ ಬಡ ಸೊಸೆ ಸಾಲ ಮಾಡುತ್ತಾಳೆ, ಇಲ್ಲವೇ ಬರುವುದನ್ನೇ ಬಿಡುತ್ತಾಳೆ. ಅಂದಹಾಗೆ ಅವರು ಹೆಮ್ಮೆಯಿಂದ ಉಡುವ "ಜಾರ್ಜ್" ಬಟ್ಟೆ ಹೋಗಿದ್ದು ನಮ್ಮ ಪಕ್ಕದ ಮದರಾಸಿನಿಂದ.

ಬದಲಾಗದೆ ಉಳಿದದ್ದು ಯಾವುದು ಅಂತಲೂ ಕೇಳಿದ್ದೀರಿ. ಒಮುಗ್ವೊ, ಅಂದರೆ ಬಾಣಂತನ. ನಮ್ಮಲ್ಲಿ ಮಗಳು ತವರಿಗೆ ಬರುತ್ತಾಳೆ, ಅಲ್ಲಿ ತಾಯಿಯೇ ಮಗಳ ಮನೆಗೆ ಹೋಗುತ್ತಾಳೆ, ಮಗಳು ಹ್ಯೂಸ್ಟನ್ನಿನಲ್ಲಿದ್ದರೆ ಹ್ಯೂಸ್ಟನ್ನಿಗೆ. ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಹೊಟ್ಟೆ ಒತ್ತುವುದು, ಉಡಾ ಮತ್ತು ಉಜಿಜಾ ಕಾಳು ಹಾಕಿದ ಖಾರದ ಗೆಣಸಿನ ಸಾರು ಕುಡಿಸುವುದು, ಮಗುವಿಗೆ ಎರೆಯುವುದು ಆಕೆಯ ಕೆಲಸ. ಹೊರಡುವಾಗ ಅಳಿಯ ಬಟ್ಟೆಬರೆ, ಸೋಪು, ಉಪ್ಪು, ಒಣಮೀನು ಕೊಟ್ಟು ಕಳಿಸಬೇಕು. ಬರಿಗೈಲಿ ಕಳಿಸಿದರೆ ಆ ಮಾತು ವರ್ಷಗಟ್ಟಲೆ ಉಳಿಯುತ್ತದೆ. ಊರಿಗೆ ಮರಳಿದ ಅಜ್ಜಿಯ ಕತ್ತಿನ ಮೇಲೆ ಬಿಳಿ ಪೌಡರ್ ಕಂಡರೆ ಯಾರೂ ಏನೂ ಕೇಳುವುದಿಲ್ಲ, ತಮ್ಮ ಕತ್ತಿಗೂ ಒಂದಿಷ್ಟು ಹಚ್ಚಿಸಿಕೊಂಡು ಹಾಡಲು ಶುರುಮಾಡುತ್ತಾರೆ.