ಕೇರರ್ ಕೆಲಸ ಹಗುರ ಎಂದವರು ಯಾರು?

ತಂಗಿ, ನಿನ್ನ ಪತ್ರ ಓದಿದೆ. ಜಿ.ಎನ್.ಎಂ. ನರ್ಸಿಂಗ್ ಡಿಪ್ಲೊಮಾ ಮುಗಿಸಿ ಶಿವಮೊಗ್ಗದಲ್ಲಿ ಎರಡು ವರ್ಷ ವಾರ್ಡಿನಲ್ಲಿ ದುಡಿದಿದ್ದೀಯ. ಇಂಗ್ಲೆಂಡಿನ ನರ್ಸಿಂಗ್ ಹೋಮಿಗೆ ಮೊದಲು ಕೇರರ್ ಆಗಿ, ಅಂದರೆ ಮುದುಕರ ಆರೈಕೆ ಮಾಡುವವಳಾಗಿ ಹೋಗು, ನರ್ಸ್‌ಗಿಂತ ಕೆಲಸ ಹಗುರ, ಆಮೇಲೆ ಅಲ್ಲಿಯೇ ನರ್ಸ್ ಆದರಾಯಿತು ಎಂದು ಏಜೆಂಟ್ ಹೇಳಿದನಂತೆ. ಹಾಗೆ ಹೇಳಿದವನು ಒಂದು ದಿನವೂ ಹಾಯ್ಸ್ಟ್, ಅಂದರೆ ಏಳಲಾಗದವರನ್ನು ಜೋಲಿಯಲ್ಲಿ ಎತ್ತುವ ಯಂತ್ರ, ತಳ್ಳಿರಲಿಕ್ಕಿಲ್ಲ.

ಮೊದಲು ಒಂದು ಮಾತು. ಇಲ್ಲಿ ನರ್ಸಿಂಗ್ ಹೋಮ್ ಎಂದರೆ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಬೋರ್ಡು ಹಾಕಿಕೊಂಡಿರುವಂಥ ಖಾಸಗಿ ಆಸ್ಪತ್ರೆಯಲ್ಲ. ಕೈಕಾಲು ಸೋತ, ಮರೆವು ಹಿಡಿದ ಮುದುಕರು ಕೊನೆಯ ವರ್ಷಗಳನ್ನು ಕಳೆಯುವ ಮನೆ. ನಾನು ತೀರ್ಥಹಳ್ಳಿ ಬಿಟ್ಟು 2006ರಲ್ಲಿ ಬಂದಾಗ, ನರ್ಸ್ ಆಗಿ ನೋಂದಣಿ ಸಿಗುವ ಮೊದಲು ಮೇಲ್ವಿಚಾರಣೆಯಲ್ಲಿ ಕೆಲವು ತಿಂಗಳು ದುಡಿಯಬೇಕಿತ್ತು; ಅದಕ್ಕೆ ಅಡಾಪ್ಟೇಶನ್ ಎನ್ನುತ್ತಿದ್ದರು. ಹೆಸರಿಗೆ ನರ್ಸ್ ತರಬೇತಿ, ಮಾಡಿದ್ದು ಬಹುಪಾಲು ಕೇರರ್ ಕೆಲಸವೇ.

ಬೆಳಿಗ್ಗೆ ಎಂಟಕ್ಕೆ ಶುರು. ತಿಂಡಿಯ ಹೊತ್ತಿಗೆ ನನ್ನ ಪಾಲಿನ ಏಳೆಂಟು ಜನರನ್ನು ಎಬ್ಬಿಸಿ, ಒದ್ದೆಯಾದ ಪ್ಯಾಡ್ ಬಿಚ್ಚಿ, ತೊಳೆದು, ಒರೆಸಿ, ಬಟ್ಟೆ ಹಾಕಿ ಕುರ್ಚಿಗೆ ತರಬೇಕು. ನಿಲ್ಲಲಾಗದವರಿಗೆ ಹಾಯ್ಸ್ಟ್. ಅಜ್ಜಿಯನ್ನು ಮಗ್ಗುಲಿಗೆ ಹೊರಳಿಸಿ, ಬೆನ್ನಡಿಗೆ ಜೋಲಿ ತೂರಿಸಿ, ಅದರ ಪಟ್ಟಿಗಳನ್ನು ತೊಡೆಯಡಿಯಿಂದ ತಂದು ಕೊಕ್ಕೆಗೆ ಸಿಕ್ಕಿಸಬೇಕು. ಅದಕ್ಕೆ ಇಬ್ಬರು ಬೇಕು. ಎರಡನೆಯವಳು ಇನ್ನೊಂದು ಕೋಣೆಯಲ್ಲಿ ಸಿಕ್ಕಿಬಿದ್ದಿರುತ್ತಾಳೆ, ಇತ್ತ ಮೂರು ಕೋಣೆಗಳ ಗಂಟೆ ಒಟ್ಟಿಗೇ ಹೊಡೆಯುತ್ತದೆ. ಸರಿಯಾಗಿ ನುಂಗಲಾಗದವರಿಗೆ ಗಂಜಿಯಂತೆ ಮಂದ ಮಾಡಿದ ಚಹಾವನ್ನು ಚಮಚದಲ್ಲಿ ಕುಡಿಸುವುದಕ್ಕೇ ಅರ್ಧ ಗಂಟೆ. ಊರಿನ ವಾರ್ಡಿನಲ್ಲಿ ಇದನ್ನೆಲ್ಲ ರೋಗಿಯ ಜೊತೆಗೆ ಬಂದ ಮಗಳೋ ಆಯಾಳೋ ಮಾಡುತ್ತಾಳೆ, ನಾವು ಇಂಜೆಕ್ಷನ್ ಟ್ರೇ ಹಿಡಿದು ಓಡಾಡುತ್ತೇವೆ. ಇಲ್ಲಿ ಆ ಮಗಳು ಬರುವುದು ಭಾನುವಾರ ಮಧ್ಯಾಹ್ನ. ಮೊದಲ ತಿಂಗಳು ರಾತ್ರಿಯೆಲ್ಲ ಸೊಂಟ ಹಿಡಿದುಕೊಂಡು ಅತ್ತಿದ್ದೇನೆ. ಅವಮಾನವೂ ಆಗುತ್ತಿತ್ತು, ಸುಳ್ಳೇಕೆ ಹೇಳಲಿ.

ನೋಂದಣಿಯಾಗಿ ನರ್ಸ್ ಆದ ಮೇಲೆ ಬೆನ್ನಿಗೆ ಬಿಡುವು ಸಿಕ್ಕಿತು, ನಿದ್ದೆ ಹೋಯಿತು. ರಾತ್ರಿ ಪಾಳಿಯಲ್ಲಿ ಮೂವತ್ತಕ್ಕೂ ಹೆಚ್ಚು ಜನರಿಗೆ ನಾನೊಬ್ಬಳೇ ನರ್ಸ್. ಮಾತ್ರೆ, ಇನ್ಸುಲಿನ್, ಹುಣ್ಣಿನ ಡ್ರೆಸ್ಸಿಂಗ್, ಹೊಟ್ಟೆಗೆ ಹಾಕಿದ ಟ್ಯೂಬಿನ ಆಹಾರ, ಎರಡು ಸಹಿ ಬೇಕಾದ ಮಾರ್ಫಿನ್ ಲೆಕ್ಕದ ಪುಸ್ತಕ, ಅದರ ಮೇಲೆ ಮುಗಿಯದ ಬರವಣಿಗೆ. ತಪ್ಪಿದರೆ ಹೋಗುವುದು ನನ್ನ ನೋಂದಣಿ. ಅಡಿಕೆ ಕೊಯ್ಲು ನೋಡಿದ್ದೀಯಲ್ಲ? ನರ್ಸ್ ಎಂದರೆ ಮರ ಹತ್ತಿ ಗೊನೆ ಕೊಯ್ಯುವ ಕೊನೆಗಾರನ ಹಾಗೆ, ಮೇಲೆ ಕಾಲು ಜಾರುವಂತಿಲ್ಲ. ಕೇರರ್ ಎಂದರೆ ಅಡಿಕೆ ಸುಲಿಯಲು ಮೆಟ್ಟುಗತ್ತಿಯ ಮುಂದೆ ಕುಳಿತವರ ಹಾಗೆ, ನಡುರಾತ್ರಿಯಾದರೂ ರಾಶಿ ಕರಗುವುದಿಲ್ಲ. ಮೈಯ ದುಡಿಮೆ ಮಾತ್ರ ಲೆಕ್ಕ ಹಾಕಿದರೆ ಕೇರರ್‌ದೇ ಹೆಚ್ಚು, ಸಂಬಳ ಅವಳದೇ ಕಡಿಮೆ. ಇಂಗ್ಲೆಂಡಿನ ಕಾನೂನು ‘ಸಾಕಷ್ಟು ಜನ ಇರಬೇಕು’ ಎನ್ನುತ್ತದೆಯೇ ಹೊರತು ಇಷ್ಟು ಮುದುಕರಿಗೆ ಇಷ್ಟು ಜನ ಎಂದು ಸಂಖ್ಯೆ ಹೇಳುವುದಿಲ್ಲ. ಇಬ್ಬರು ರಜೆ ಹಾಕಿದ ದಿನ ಆ ‘ಸಾಕಷ್ಟು’ ಎಷ್ಟು ಹಿಗ್ಗುತ್ತದೆ ಎಂದು ನೋಡಬೇಕು!

ಒಮ್ಮೆ ಔಷಧಿ ಗಾಡಿ ತಳ್ಳುತ್ತಿದ್ದಾಗ ಒಬ್ಬ ಕೇರರ್ ಬಂದು, ‘ಒಂಬತ್ತನೇ ಕೋಣೆಯವರು ಬೆಳಗಿನಿಂದ ಏನೂ ಕುಡಿದಿಲ್ಲ, ಮಾತು ಒಂಥರಾ ಇದೆ’ ಎಂದಳು. ಆಮೇಲೆ ನೋಡುತ್ತೇನೆ ಎಂದೆ. ಆ ಆಮೇಲೆ ಬಂದದ್ದು ಸಂಜೆ, ಜ್ವರ ಏರಿ ಆಂಬುಲೆನ್ಸ್ ಕರೆಸುವಾಗ. ಅವರು ಬದುಕಿಕೊಂಡರು. ಅಂದಿನಿಂದ ಕೇರರ್ ಏನಾದರೂ ಹೇಳಿದರೆ ಗಾಡಿಗೆ ಬೀಗ ಹಾಕಿ ಮೊದಲು ಹೋಗಿ ನೋಡುತ್ತೇನೆ.

ಇನ್ನು ನಿನ್ನ ಏಜೆಂಟಿನ ವಿಷಯ. ಹೊರದೇಶದವರಿಗೆ ಕೇರರ್ ವೀಸಾದ ಬಾಗಿಲು ತೆರೆದದ್ದು 2022ರಲ್ಲಿ. 2024ರ ಮಾರ್ಚ್ 11ರಿಂದ ಕುಟುಂಬವನ್ನು ಕರೆತರುವುದು ನಿಂತಿತು. 2025ರ ಜುಲೈ 22ರಿಂದ ಹೊರದೇಶದಿಂದ ಹೊಸಬರನ್ನು ತರುವುದೇ ನಿಂತಿದೆ. ಅವನು ತೋರಿಸುತ್ತಿರುವುದು ಮುಚ್ಚಿದ ಬಾಗಿಲು. ಕೆಲಸ ಹುಡುಕಿಕೊಟ್ಟದ್ದಕ್ಕೆ ಅಭ್ಯರ್ಥಿಯಿಂದ ದುಡ್ಡು ಕೇಳುವುದು ಇಲ್ಲಿ ಕಾನೂನುಬಾಹಿರವೂ ಹೌದು.

ನರ್ಸ್ ಆಗಿಯೇ ಬಾ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಓದು, ಕೇಳುವಿಕೆ, ಮಾತಿಗೆ ತಲಾ 7, ಬರವಣಿಗೆಗೆ 6.5 ಅಂಕ ಬೇಕು, ಅದರ ಬದಲು ಆರೋಗ್ಯ ಕ್ಷೇತ್ರದವರ ಇಂಗ್ಲಿಷ್ ಪರೀಕ್ಷೆಯಾದ ಒಇಟಿಯನ್ನೂ ಬರೆಯಬಹುದು. ನರ್ಸಿಂಗ್ ಜ್ಞಾನ ಅಳೆಯುವ ಸಿಬಿಟಿ ಎಂಬ ಕಂಪ್ಯೂಟರ್ ಪರೀಕ್ಷೆಯನ್ನು ಭಾರತದಲ್ಲೇ ಬರೆಯಬಹುದು, ಆಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆ ಇಲ್ಲಿಗೆ ಬಂದ ಮೇಲೆ. ನನಗೆ ಗೊತ್ತಿರುವ ನಮ್ಮ ಹುಡುಗಿಯರು ಎಡವಿದ್ದೆಲ್ಲ ಇಂಗ್ಲಿಷ್ ಬರವಣಿಗೆಯಲ್ಲೇ. ಈ ಮಳೆಗಾಲ ಪೂರ್ತಿ ಕುಳಿತು ಅದನ್ನೇ ತಿದ್ದು.

ಏಜೆಂಟಿಗೆ ಮುಂಗಡ ಕೊಟ್ಟಿದ್ದೀಯಾ? ಅದೊಂದನ್ನು ಮಾತ್ರ ನೀನು ಬರೆದಿಲ್ಲ. ಕೊಟ್ಟಿದ್ದರೆ ರಸೀದಿ ಜೋಪಾನವಾಗಿಡು, ಅಪ್ಪನಿಗೆ ಇವತ್ತೇ ಹೇಳು.