60ರಿಂದ 51ಕ್ಕೆ: ಅಮೆರಿಕದ ಸುಪ್ರೀಂ ಕೋರ್ಟ್ ನೇಮಕದ ಜಗಳ

ಪ್ರಶ್ನೆ: ಅಮೆರಿಕದಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯ ನೇಮಕ ಅಂದರೆ ಚುನಾವಣೆಯಷ್ಟೇ ಗಲಾಟೆ. ಮೊದಲಿನಿಂದಲೂ ಹೀಗೇನಾ?

ಇಲ್ಲ. ಅಧ್ಯಕ್ಷರು ಸೂಚಿಸಿದ ಹೆಸರನ್ನು ಒಪ್ಪಬೇಕಾದ್ದು ಸೆನೆಟ್, ಅಂದರೆ 100 ಸದಸ್ಯರ ಮೇಲ್ಮನೆ. ಕಟ್ಟಾ ಸಂಪ್ರದಾಯವಾದಿ ಆಂಟೊನಿನ್ ಸ್ಕಾಲಿಯಾ ಅವರಿಗೆ 1986ರಲ್ಲಿ ಸೆನೆಟ್‌ನಲ್ಲಿ 98–0 ಮತ ಬಿತ್ತು. 1993ರಲ್ಲಿ ಉದಾರವಾದಿ ರೂತ್ ಬೇಡರ್ ಗಿನ್ಸ್‌ಬರ್ಗ್ ಅವರಿಗೆ 96–3. ನಡುವೆ 1987ರಲ್ಲಿ ರಾಬರ್ಟ್ ಬೋರ್ಕ್ 42–58ರಲ್ಲಿ ಸೋತರು ನಿಜ. ಆದರೆ ಅದೇ ಅಧ್ಯಕ್ಷ ರೇಗನ್ ಅದೇ ಜಾಗಕ್ಕೆ ಆಂಟನಿ ಕೆನಡಿ ಅವರನ್ನು ಸೂಚಿಸಿದಾಗ 97–0. ಅಂದರೆ ಸೆನೆಟ್ ಆಗ ಬೇಡವೆಂದದ್ದು ಒಬ್ಬ ವ್ಯಕ್ತಿಯನ್ನು, ಅಧ್ಯಕ್ಷರ ಪಕ್ಷವನ್ನಲ್ಲ. ಈಗಿನ ಅಂಕಿ ನೋಡಿ: 2018ರಲ್ಲಿ ಬ್ರೆಟ್ ಕ್ಯಾವನಾ 50–48, 2022ರಲ್ಲಿ ಕೆಟಾಂಜಿ ಬ್ರೌನ್ ಜಾಕ್ಸನ್ 53–47.

ಇರುವುದು 9 ಜಾಗ, ನಿವೃತ್ತಿಯ ವಯಸ್ಸೇ ಇಲ್ಲ. ಯಾರ ಕಾಲದಲ್ಲಿ ಜಾಗ ಖಾಲಿಯಾಗುತ್ತದೋ ಅವರದ್ದೇ ಅದೃಷ್ಟ. ಕಾರ್ಟರ್ ಅವರಿಗೆ 4 ವರ್ಷದಲ್ಲಿ ಒಂದು ನೇಮಕವೂ ಸಿಗಲಿಲ್ಲ; ಟ್ರಂಪ್ ಅವರಿಗೆ ಮೊದಲ ಅವಧಿಯಲ್ಲೇ 3 ಸಿಕ್ಕವು.

ಪ್ರಶ್ನೆ: ಚರ್ಚೆ ಮುಗಿಸಲು 60 ಮತ ಬೇಕಿತ್ತಂತೆ. ಆ ನಿಯಮವನ್ನು ಯಾವಾಗ ತಿದ್ದಿದರು?

ಚರ್ಚೆ ಮುಗಿಯದೆ ಹೆಸರಿನ ಮೇಲೆ ಮತದಾನವಿಲ್ಲ, ಅದಕ್ಕೇ ಆ 60ಕ್ಕೆ ಅಷ್ಟು ತೂಕ. ಆದರೆ ನಿಯಮದ ಪುಸ್ತಕದಲ್ಲಿ ಒಂದಕ್ಷರವೂ ಬದಲಾಗಿಲ್ಲ. ನಡೆದದ್ದು ಇಷ್ಟು. 2013ರ ನವೆಂಬರ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ಹ್ಯಾರಿ ರೀಡ್ ಕೆಳ ನ್ಯಾಯಾಲಯಗಳ ನೇಮಕಕ್ಕೆ ಸರಳ ಬಹುಮತ ಸಾಕೆಂಬ ಪೂರ್ವನಿದರ್ಶನ (ಮುಂದೆ ನಿಯಮದಂತೆಯೇ ಪಾಲಿಸುವ ತೀರ್ಮಾನ) ಹಾಕಿದರು. ಸುಪ್ರೀಂ ಕೋರ್ಟನ್ನು ಮಾತ್ರ ಹೊರಗಿಟ್ಟರು. 2017ರ ಏಪ್ರಿಲ್ 6ರಂದು ನೀಲ್ ಗೋರ್ಸಚ್ ಅವರ ಹೆಸರಿನ ಮೇಲೆ ಚರ್ಚೆ ಮುಗಿಸುವ ನಿಲುವಳಿಗೆ 55–45 ಮತ ಬಿತ್ತು. 60 ಇಲ್ಲದ್ದರಿಂದ ಬಿದ್ದುಹೋಯಿತು. ಕೂಡಲೇ ರಿಪಬ್ಲಿಕನ್ ನಾಯಕ ಮಿಚ್ ಮೆಕಾನಲ್ ಕ್ರಿಯಾಲೋಪ (ಕಲಾಪ ನಿಯಮದಂತೆ ನಡೆಯುತ್ತಿಲ್ಲ ಎಂಬ ಆಕ್ಷೇಪ) ಎತ್ತಿ, 2013ರ ನಿದರ್ಶನ ಸುಪ್ರೀಂ ಕೋರ್ಟಿಗೂ ಅನ್ವಯಿಸುತ್ತದೆ ಎಂದರು. ಸೆನೆಟ್‌ನ ಕಲಾಪ ನಡೆಸುವ ಸಭಾಪತಿ ಪೀಠ ಒಪ್ಪಲಿಲ್ಲ. ಪೀಠದ ತೀರ್ಪು ನಿಲ್ಲಬೇಕೇ ಎಂದು ಮತಕ್ಕೆ ಹಾಕಿದಾಗ 48–52. ತೀರ್ಪು ಬಿತ್ತು, ಹೊಸ ನಿದರ್ಶನ ಹುಟ್ಟಿತು. ಬೆಳಿಗ್ಗೆ ಸಾಲದಾಗಿದ್ದ ಅದೇ 55 ಮತ ಆಮೇಲೆ ಧಾರಾಳವಾಯಿತು. ಮರುದಿನವೇ ಗೋರ್ಸಚ್ 54–45ರಲ್ಲಿ ಗೆದ್ದರು.

ಹೆಚ್ಚು ಹಾನಿ ಆದದ್ದು ಇಲ್ಲಿಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ. 60 ಬೇಕಿದ್ದಾಗ ಎದುರು ಪಕ್ಷದ ನಾಲ್ಕಾರು ಜನರಾದರೂ ಒಪ್ಪುವಂಥ ಹೆಸರನ್ನು ಶ್ವೇತಭವನ ಹುಡುಕಬೇಕಿತ್ತು. ಈಗ ಸ್ವಪಕ್ಷದವರು ಕೈಕೊಡದಿದ್ದರೆ ಸಾಕು.

ಪ್ರಶ್ನೆ: ಮೆರಿಕ್ ಗಾರ್ಲೆಂಡ್ ಅವರನ್ನು ತಿರಸ್ಕರಿಸಿದ್ದು ಯಾವ ಆಧಾರದ ಮೇಲೆ?

ತಿರಸ್ಕರಿಸಲೇ ಇಲ್ಲ, ವಿಚಾರಣೆಗೇ ಕರೆಯಲಿಲ್ಲ. ಹೆಸರು ಮೊದಲು ನ್ಯಾಯಾಂಗ ಸಮಿತಿಗೆ ಹೋಗಬೇಕು, ಅಲ್ಲಿ ಬಹಿರಂಗ ವಿಚಾರಣೆ, ಸಮಿತಿಯ ಮತದಾನ, ಆಮೇಲೆ ಸದನ. ಇದಕ್ಕೆಲ್ಲ ಸಂವಿಧಾನ ಗಡುವು ಹಾಕಿಲ್ಲ. 2016ರ ಫೆಬ್ರುವರಿಯಲ್ಲಿ ಸ್ಕಾಲಿಯಾ ತೀರಿಕೊಂಡರು, ಮಾರ್ಚ್ 16ರಂದು ಒಬಾಮಾ ಗಾರ್ಲೆಂಡ್ ಹೆಸರು ಸೂಚಿಸಿದರು. ಚುನಾವಣಾ ವರ್ಷ ಎಂಬ ಕಾರಣ ಕೊಟ್ಟು ರಿಪಬ್ಲಿಕನ್ ಬಹುಮತ ಕಡತವನ್ನು 293 ದಿನ ಹಾಗೆಯೇ ಇಟ್ಟಿತು. ಅಧಿವೇಶನದ ಅವಧಿ ಮುಗಿದು ಹೆಸರು ತಾನಾಗಿ ರದ್ದಾಯಿತು. 2020ರಲ್ಲಿ ಗಿನ್ಸ್‌ಬರ್ಗ್ ತೀರಿಕೊಂಡ 38ನೇ ದಿನಕ್ಕೆ, ಚುನಾವಣೆಗೆ 8 ದಿನ ಇರುವಾಗ, ಅದೇ ಪಕ್ಷ ಏಮಿ ಕೋನಿ ಬ್ಯಾರೆಟ್ ಅವರನ್ನು 52–48ರಲ್ಲಿ ನೇಮಿಸಿತು. ಆ ನಂಬಿಕೆದ್ರೋಹದ ಗಾಯ ಇನ್ನೂ ಮಾಗಿಲ್ಲ.

ಪ್ರಶ್ನೆ: ಹಾಗಾದರೆ ಹಿರಿಯ ನ್ಯಾಯಮೂರ್ತಿಗಳೇ ಹೊಸಬರನ್ನು ಆರಿಸುವ ನಮ್ಮ ಕೊಲಿಜಿಯಂ ವಾಸಿಯಲ್ಲವೇ?

ಒಂದು ವಿಷಯದಲ್ಲಿ ಹೌದು: ನಮ್ಮಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ 65ಕ್ಕೆ ನಿವೃತ್ತರಾಗುತ್ತಾರೆ, ಜಾಗ ಯಾವಾಗ ಖಾಲಿಯಾಗುತ್ತದೆಂದು ಮೊದಲೇ ಗೊತ್ತಿರುತ್ತದೆ. ಆದರೆ ಅಲ್ಲಿನ ವಿಚಾರಣೆ ಜನರ ಕಣ್ಣೆದುರು ನಡೆಯುತ್ತದೆ, ಇಲ್ಲಿನ ಆಯ್ಕೆ ಮುಚ್ಚಿದ ಬಾಗಿಲ ಹಿಂದೆ. ಗಡುವಿಲ್ಲದ ರೋಗ ನಮಗೂ ಇದೆ. ಕೊಲಿಜಿಯಂ ಮತ್ತೆ ಕಳಿಸಿದ ಹೆಸರನ್ನು ಸರ್ಕಾರ ಒಪ್ಪಲೇಬೇಕು, ಆದರೂ ಕಡತ ತಿಂಗಳುಗಟ್ಟಲೆ ಕೂತದ್ದುಂಟು.

ಅಮೆರಿಕದಲ್ಲಿ ಈಗ ಚರ್ಚೆಯಲ್ಲಿರುವ ಮದ್ದು 18 ವರ್ಷದ ಅವಧಿ. 9 ಜಾಗಕ್ಕೆ ಲೆಕ್ಕ ಹಾಕಿದರೆ 2 ವರ್ಷಕ್ಕೊಂದು ಖಾಲಿ, ಪ್ರತಿ ಅಧ್ಯಕ್ಷರ ಅವಧಿಗೆ ಎರಡು. ನನಗೂ ಅದೇ ಸರಿ ಕಾಣುತ್ತದೆ. ಆದರೆ ಸಂವಿಧಾನವನ್ನೇ ತಿದ್ದಿ ತರುವುದಾದರೆ ಎರಡೂ ಸದನಗಳ ಮೂರನೇ ಎರಡರಷ್ಟು ಮತ, ಮೇಲೆ 50ರಲ್ಲಿ 38 ರಾಜ್ಯಗಳ ಒಪ್ಪಿಗೆ ಬೇಕು.