ಆಸ್ಪತ್ರೆಯಲ್ಲಿ ಕಣ್ಣಿಗೆ ಬಿದ್ದ ಎಡವಟ್ಟು: ಹೇಳಬೇಕೆ, ಯಾರಿಗೆ, ಹೇಗೆ?

ರೋಗಿಗಳ ಸುರಕ್ಷತೆ ಕುರಿತು ಉತ್ತರ ಕನ್ನಡದ ಓದುಗರು ಕೇಳಿದ ಪ್ರಶ್ನೆಗಳಿಗೆ ಆಸ್ಪತ್ರೆಯ ಗುಣಮಟ್ಟ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯೆಯೊಬ್ಬರ ಉತ್ತರ.

ಪ್ರಶ್ನೆ: ಮಾವನವರನ್ನು ನ್ಯುಮೋನಿಯಾ ಎಂದು ಆಸ್ಪತ್ರೆಗೆ ಸೇರಿಸಿದ್ದೆವು. ರಾತ್ರಿ ಸಿಸ್ಟರ್ ಇಂಜೆಕ್ಷನ್ ತುಂಬಿಕೊಂಡು ಬಂದರು. ರಾತ್ರಿ ಇಂಜೆಕ್ಷನ್ ಇಲ್ಲ ಎಂದು ಸಂಜೆಯೇ ಡಾಕ್ಟರ್ ಹೇಳಿದ್ದರು, ಹಾಗಾಗಿ ಕೇಳಿದೆ. ನೋಡಿದರೆ ಅದು ಅದೇ ಹೆಸರಿನ ಇನ್ನೊಬ್ಬ ರೋಗಿಯದು! ಸಿಸ್ಟರ್ ಗಾಬರಿಯಿಂದ ಕೈಮುಗಿದು ಹೋದರು. ‘ಏನೂ ಆಗಲಿಲ್ಲವಲ್ಲ, ಹೇಳಿದರೆ ಆ ಹುಡುಗಿಯ ಕೆಲಸ ಹೋಗುತ್ತದೆ, ನಾಳೆ ನಾವು ಮತ್ತೆ ಅಲ್ಲಿಗೇ ಹೋಗಬೇಕು’ ಎನ್ನುತ್ತಾರೆ ಯಜಮಾನರು. ಸುಮ್ಮನಿರಲೇ?
(ಓದುಗರು, ಕುಮಟಾ)

ಉತ್ತರ: ದಯವಿಟ್ಟು ಹೇಳಿ. ಏನೂ ಆಗಲಿಲ್ಲ ಎನ್ನುವುದೇ ಹೇಳಲು ಒಳ್ಳೆಯ ಕಾರಣ. ಕೂದಲೆಳೆಯಲ್ಲಿ ತಪ್ಪಿದ ಇಂಥ ಅಪಾಯದಲ್ಲಿ ಯಾರಿಗೂ ಪೆಟ್ಟಾಗಿರುವುದಿಲ್ಲ, ಯಾರ ಮೇಲೂ ಕೇಸಿಲ್ಲ, ಆದರೆ ದಾರಿ ಎಲ್ಲಿ ತಪ್ಪಿತೆಂದು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಅಂದು ನೀವು ಅಲ್ಲಿಲ್ಲದೆ, ಹಾಸಿಗೆಯ ಪಕ್ಕ ನಿದ್ದೆಗೆಟ್ಟು ಕೂರುವವರು ಯಾರೂ ಇರದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ಆಸ್ಪತ್ರೆಯ ಕಡತದಲ್ಲಿ ಆ ರಾತ್ರಿಯ ಸುದ್ದಿಯೇ ಇರುವುದಿಲ್ಲ. ಅದು ಗೊತ್ತಿರುವುದು ನಿಮಗೆ ಮತ್ತು ಆ ಸಿಸ್ಟರ್‌ಗೆ ಮಾತ್ರ.

ನಮ್ಮ ಜಿಲ್ಲೆಯಲ್ಲಿ ಒಂದೇ ವಾರ್ಡಿನಲ್ಲಿ ಇಬ್ಬರು ಗಣಪತಿ ಹೆಗಡೆ, ಇಬ್ಬರು ಮಂಜುನಾಥ ನಾಯ್ಕ ಇರುವುದು ಅಪರೂಪವೇನಲ್ಲ. ಅದಕ್ಕೇ ಔಷಧ ಕೊಡುವ ಮೊದಲು ಹೆಸರಿನ ಜೊತೆ ಇನ್ನೊಂದು ಗುರುತನ್ನೂ, ಅಂದರೆ ಆಸ್ಪತ್ರೆಯ ನೋಂದಣಿ ಸಂಖ್ಯೆಯನ್ನೋ ಜನ್ಮದಿನಾಂಕವನ್ನೋ ತಾಳೆ ನೋಡಬೇಕೆಂಬ ನಿಯಮವಿದೆ. ಹಾಸಿಗೆಯ ನಂಬರು ಗುರುತೆನಿಸದು, ರೋಗಿಯನ್ನು ಯಾವಾಗ ಬೇಕಾದರೂ ಬೇರೆ ಹಾಸಿಗೆಗೆ ಹಾಕಬಹುದು. ನಿಮ್ಮ ಮಾವನವರ ಕೈಗೆ ಗುರುತಿನ ಪಟ್ಟಿ ಕಟ್ಟಿದ್ದರೇ? ರಾತ್ರಿ ಎಷ್ಟು ರೋಗಿಗಳಿಗೆ ಒಬ್ಬರೇ ಸಿಸ್ಟರ್ ಇದ್ದರು? ಆಡಳಿತದವರು ಹುಡುಕಬೇಕಾದ ಉತ್ತರಗಳು ಇವು. ಆ ಹುಡುಗಿಯನ್ನು ಕೆಲಸದಿಂದ ತೆಗೆದರೆ ಅವಳ ಜಾಗಕ್ಕೆ ಬಂದವಳೂ ಅದೇ ರಾತ್ರಿಪಾಳಿಯಲ್ಲಿ ಅದೇ ಎರಡು ಹೆಸರುಗಳ ನಡುವೆ ನಿಲ್ಲುತ್ತಾಳೆ. ಒಳ್ಳೆಯ ಆಸ್ಪತ್ರೆಗೆ ಇದು ಗೊತ್ತಿರುತ್ತದೆ.

ಹಾಗಾಗಿ ವ್ಯಕ್ತಿಯನ್ನು ಬಿಟ್ಟು ನಡೆದದ್ದನ್ನು ಬರೆಯಿರಿ. ‘ಇಂಥ ದಿನ, ರಾತ್ರಿ ಇಷ್ಟು ಗಂಟೆಗೆ, ಇಂಥ ವಾರ್ಡಿನಲ್ಲಿ, ಒಂದೇ ಹೆಸರಿನ ಇನ್ನೊಬ್ಬ ರೋಗಿಯ ಇಂಜೆಕ್ಷನ್ ನಮ್ಮವರ ಬಳಿ ಬಂತು. ಕೇಳಿದ್ದರಿಂದ ತಪ್ಪಿತು. ಸಿಸ್ಟರ್ ಕೂಡಲೇ ಒಪ್ಪಿಕೊಂಡು ನಿಲ್ಲಿಸಿದರು.’ ಕೊನೆಯ ವಾಕ್ಯವನ್ನು ಮರೆಯಬೇಡಿ, ಅದು ನಿಜ, ಆಕೆಗೆ ಅದು ರಕ್ಷಣೆಯೂ ಹೌದು. ಈ ಕಾಗದವನ್ನು ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಕೊಡಿ. ಆಸ್ಪತ್ರೆಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಚ್‌ನ ಮಾನ್ಯತೆ ಪಡೆದ ಆಸ್ಪತ್ರೆಯಾದರೆ ಇಂಥ ಘಟನೆಗಳನ್ನು ದಾಖಲಿಸಿ ಪರಿಶೀಲಿಸುವ ವ್ಯವಸ್ಥೆ ಇರಲೇಬೇಕು. ಇನ್ಸಿಡೆಂಟ್ ಫಾರ್ಮ್ ತುಂಬಿ ಎಂದು ನೀವೇ ಕೇಳಬಹುದು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಚಿಕಿತ್ಸೆ ಪಡೆಯುವ ಸುಮಾರು 10 ಜನರಲ್ಲಿ ಒಬ್ಬರಿಗೆ ಆ ಚಿಕಿತ್ಸೆಯಿಂದಲೇ ಏನಾದರೊಂದು ಹಾನಿಯಾಗುತ್ತದೆ. ಅದರಲ್ಲಿ ಅರ್ಧದಷ್ಟನ್ನು ತಡೆಯಬಹುದು. ಪ್ರತಿ ಸೆಪ್ಟೆಂಬರ್ 17ರಂದು ಆಚರಿಸುವ ವಿಶ್ವ ರೋಗಿ ಸುರಕ್ಷತಾ ದಿನಕ್ಕೆ 2023ರಲ್ಲಿ ಸಂಸ್ಥೆ ಆರಿಸಿಕೊಂಡ ವಿಷಯವೇ ರೋಗಿಗಳನ್ನು ಸುರಕ್ಷತೆಯಲ್ಲಿ ಪಾಲುದಾರರನ್ನಾಗಿಸುವುದು.

ಪ್ರಶ್ನೆ: ಅಮ್ಮನಿಗೆ ಮಂಗಳೂರಿನಲ್ಲಿ ಹೃದಯದ ಕವಾಟದ ಶಸ್ತ್ರಚಿಕಿತ್ಸೆಯಾಗಿದೆ, ವಾರ್ಫರಿನ್ ಮಾತ್ರೆ ನಡೆಯುತ್ತಿದೆ. ಮೊಣಕಾಲು ನೋವೆಂದು ಇಲ್ಲಿ ತೋರಿಸಿದಾಗ ಐದು ದಿನದ ಮಾತ್ರೆ ಕೊಟ್ಟರು. ಮೂರನೇ ದಿನ ಒಸಡಿನಲ್ಲಿ ರಕ್ತ, ಮೈಮೇಲೆ ನೀಲಿ ಕಲೆ. ಈಗ ಸುಧಾರಿಸಿದ್ದಾರೆ. ಇಲ್ಲಿನವರು ಅಲ್ಲಿನವರನ್ನು ಕೇಳಿ ಎನ್ನುತ್ತಾರೆ, ಅಲ್ಲಿನವರು ಇಲ್ಲಿನವರನ್ನು. ಯಾರಿಗೆ ತಿಳಿಸುವುದು?
(ಓದುಗರು, ಶಿರಸಿ)

ಉತ್ತರ: ಅಮ್ಮ ಸುಧಾರಿಸಿದ್ದು ಕೇಳಿ ಸಮಾಧಾನವಾಯಿತು. ವಾರ್ಫರಿನ್ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ. ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಗಳು ಅದರ ಜೊತೆ ಸೇರಿದರೆ ರಕ್ತಸ್ರಾವದ ಅಪಾಯ ಏರುತ್ತದೆ. ಕೆಲವು ಆ್ಯಂಟಿಬಯೋಟಿಕ್‌ಗಳೂ ಹಾಗೆಯೇ. ಕಪ್ಪು ಮಲ, ಮೂತ್ರದಲ್ಲಿ ರಕ್ತ, ತೀವ್ರ ತಲೆನೋವು ಕಂಡರೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ವಾರ್ಫರಿನ್ ಅನ್ನು ಮಾತ್ರ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ, ಕವಾಟದಲ್ಲಿ ರಕ್ತ ಹೆಪ್ಪುಗಟ್ಟಿದರೆ ಅದೂ ಪ್ರಾಣಾಪಾಯವೇ.

ಈ ಬಗೆಯ ಎಡವಟ್ಟು ನಮ್ಮ ಜಿಲ್ಲೆಯಲ್ಲಿ ಹೆಚ್ಚಾಗಲು ಕಾರಣವಿದೆ. ಗಂಭೀರ ಕಾಯಿಲೆ ಬಂದರೆ ಘಟ್ಟ ಇಳಿದು ಮಂಗಳೂರು, ಮಣಿಪಾಲ, ಈಚೆ ಹುಬ್ಬಳ್ಳಿ, ಕಾರವಾರದವರಿಗೆ ಗೋವಾ. ಒಬ್ಬರೇ ರೋಗಿಯ ಕಾಗದಪತ್ರ ಎರಡು ಮೂರು ಊರುಗಳಲ್ಲಿ ಹಂಚಿಹೋಗಿರುತ್ತದೆ. ಮಂಗಳೂರು, ಶಿರಸಿ ಎರಡೂ ಕಡೆ ಅಮ್ಮನ ಜೊತೆಗಿದ್ದವರು ನೀವೊಬ್ಬರೇ. ಒಂದು ವೈದ್ಯರ ತಂಡಕ್ಕೂ ಪೂರ್ತಿ ಕಥೆ ಗೊತ್ತಿಲ್ಲ, ನಿಮಗೆ ಗೊತ್ತಿದೆ. ನಿಮ್ಮ ವರದಿಗೆ ಇಷ್ಟು ಬೆಲೆ ಬರುವುದು ಇದರಿಂದಲೇ.

ಔಷಧದಿಂದಾದ ತೊಂದರೆಯನ್ನು ರೋಗಿಯ ಕಡೆಯವರೇ ನೇರವಾಗಿ ಕೇಂದ್ರ ಸರ್ಕಾರಕ್ಕೆ ತಿಳಿಸಬಹುದು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. 2010ರಲ್ಲಿ ಶುರುವಾದ ಭಾರತೀಯ ಔಷಧ ಜಾಗರೂಕತಾ ಕಾರ್ಯಕ್ರಮ ಇದಕ್ಕೆಂದೇ ಇದೆ. ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಅದನ್ನು ನಡೆಸುತ್ತದೆ. ಗ್ರಾಹಕರಿಗಾಗಿ ಇರುವ ಫಾರ್ಮ್ ಕನ್ನಡದಲ್ಲೂ ಸಿಗುತ್ತದೆ. ಕಚೇರಿ ವೇಳೆಯಲ್ಲಿ 1800-180-3024ಕ್ಕೆ ಉಚಿತವಾಗಿ ಕರೆ ಮಾಡಲೂಬಹುದು. ಯಾವ ಮಾತ್ರೆ, ಎಂದಿನಿಂದ, ಏನಾಯಿತು, ಜೊತೆಗೆ ಇನ್ನೇನು ತೆಗೆದುಕೊಳ್ಳುತ್ತಿದ್ದರು ಎಂದು ಬರೆದರಾಯಿತು. ತಪ್ಪು ಯಾರದೆಂದು ಸಾಬೀತು ಮಾಡುವ ಹೊಣೆ ನಿಮ್ಮದಲ್ಲ, ಸಂಶಯವಿದ್ದರೂ ಸಾಕು.

ಇನ್ನು ಮುಂದೆ ಹಲ್ಲಿನ ಡಾಕ್ಟರಾದರೂ ಸರಿ, ಔಷಧದ ಅಂಗಡಿಯಾದರೂ ಸರಿ, ಬಾಯಿ ತೆರೆದ ಕೂಡಲೇ ‘ಅಮ್ಮ ವಾರ್ಫರಿನ್ ತೆಗೆದುಕೊಳ್ಳುತ್ತಾರೆ’ ಎಂದೇ ಶುರುಮಾಡಿ. ಡಿಸ್ಚಾರ್ಜ್ ಸಮ್ಮರಿಯ ಫೋಟೋ ಫೋನಿನಲ್ಲಿರಲಿ. ಮನೆಯ ಔಷಧ, ಕಷಾಯಗಳನ್ನೂ ಮುಚ್ಚಿಡದೆ ಹೇಳಿ, ಬೈದರೂ ಪರವಾಗಿಲ್ಲ.

ಪ್ರಶ್ನೆ: ದೂರು ಪೆಟ್ಟಿಗೆಗೆ ಚೀಟಿ ಹಾಕಿದ್ದೆ, ಉತ್ತರ ಬರಲಿಲ್ಲ. ನಮ್ಮ ಆಯಿಗೆ ಕೊಂಕಣಿ ಬಿಟ್ಟರೆ ಬೇರೆ ಬಾರದು. ‘ಕಾಲು ಮರಗಟ್ಟಿದೆ’ ಎಂದು ರಾತ್ರಿಯಿಡೀ ಹೇಳಿದ್ದು ಯಾರಿಗೂ ಅರ್ಥವಾಗಲಿಲ್ಲ. ಹೇಳಿ ಪ್ರಯೋಜನವಿದೆಯೇ?
(ಓದುಗರು, ಕಾರವಾರ)

ಉತ್ತರ: ನಿಮ್ಮ ಬೇಸರ ನ್ಯಾಯವಾದದ್ದು. ಹೇಳಿದವರಿಗೆ ಉತ್ತರ ಕೊಡದ ಆಸ್ಪತ್ರೆ ಮುಂದಿನ ಸಲ ಹೇಳುವವರ ಬಾಯಿ ಮುಚ್ಚಿಸುತ್ತದೆ. ಪೆಟ್ಟಿಗೆಯನ್ನು ಬಿಟ್ಟು, ಎರಡು ಪ್ರತಿ ಬರೆದು ಒಂದರ ಮೇಲೆ ಸ್ವೀಕೃತಿಯ ಸಹಿ, ತಾರೀಕು ಹಾಕಿಸಿಕೊಳ್ಳಿ. ಸರ್ಕಾರಿ ಆಸ್ಪತ್ರೆಯಾದರೆ ಆಡಳಿತ ವೈದ್ಯಾಧಿಕಾರಿಗೆ, ಆರೋಗ್ಯ ರಕ್ಷಾ ಸಮಿತಿಗೆ ಕೊಡಬಹುದು. ಖಾಸಗಿಯಾದರೆ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವಿದೆ. ಕೇಸ್ ಶೀಟಿನ ಪ್ರತಿ ಕೇಳುವುದು ನಿಮ್ಮ ಹಕ್ಕು. ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ ನಡವಳಿಕೆಯ 2002ರ ನಿಯಮಗಳು ಹೇಳುತ್ತವೆ.

ಆದರೆ ಆಯಿಯ ಕಾಲಿನ ವಿಷಯದಲ್ಲಿ ಮರುದಿನದ ಕಾಗದಕ್ಕಿಂತ ಆ ರಾತ್ರಿಯ ಮಾತೇ ಮುಖ್ಯವಿತ್ತು. ಇಂಗ್ಲೆಂಡಿನ ಮಾರ್ಥಾ ಮಿಲ್ಸ್ ಎಂಬ 13 ವರ್ಷದ ಹುಡುಗಿ ಸೈಕಲ್ಲಿನಿಂದ ಬಿದ್ದು ಆಸ್ಪತ್ರೆ ಸೇರಿ, ಸೆಪ್ಸಿಸ್ (ಸೋಂಕಿನಿಂದ ಅಂಗಾಂಗಗಳು ಕೈಕೊಡುವ ಸ್ಥಿತಿ) ಆಗಿ 2021ರಲ್ಲಿ ತೀರಿಕೊಂಡಳು. ಮಗಳ ಸ್ಥಿತಿ ಬಿಗಡಾಯಿಸುತ್ತಿದೆ ಎಂಬ ತಂದೆತಾಯಿಯ ಆತಂಕಕ್ಕೆ ಬೆಲೆ ಸಿಕ್ಕಿರಲಿಲ್ಲ. ಬೇಗ ಐಸಿಯುಗೆ ಸೇರಿಸಿದ್ದರೆ ಬಹುಶಃ ಬದುಕುತ್ತಿದ್ದಳು ಎಂದು ಆಮೇಲೆ ವಿಚಾರಣೆಯಲ್ಲಿ ತೀರ್ಮಾನವಾಯಿತು. ತಂದೆತಾಯಿ ಪಟ್ಟುಹಿಡಿದು ಹೋರಾಡಿದ್ದರಿಂದ 2024ರಿಂದ ಅಲ್ಲಿನ ಆಸ್ಪತ್ರೆಗಳಲ್ಲಿ ‘ಮಾರ್ಥಾ ನಿಯಮ’ ಜಾರಿಗೆ ಬರುತ್ತಿದೆ. ರೋಗಿಯ ಕಡೆಯವರು ಕೇಳಿದರೆ ಬೇರೊಂದು ತಂಡ ಬಂದು ತುರ್ತಾಗಿ ಪರೀಕ್ಷಿಸಬೇಕು.

ನಮ್ಮಲ್ಲಿ ಅಂಥ ನಿಯಮ ಬರುವವರೆಗೆ ಬಾಯಿಮಾತೇ ದಾರಿ. ‘ನಿನ್ನೆಗಿಂತ ಇವತ್ತು ಬೇರೆ ಇದ್ದಾರೆ, ನನಗೆ ಹೆದರಿಕೆಯಾಗುತ್ತಿದೆ, ಡ್ಯೂಟಿ ಡಾಕ್ಟರನ್ನು ಈಗಲೇ ಕರೆಯಿರಿ, ಹೇಳಿದ್ದನ್ನು ಕೇಸ್ ಶೀಟಿನಲ್ಲಿ ಬರೆಯಿರಿ’ ಎನ್ನಿ. ಆಯಿ ಕೊಂಕಣಿಯಲ್ಲಿ ಹೇಳಿದ್ದನ್ನು ಅವರ ಮಾತಿನಲ್ಲೇ ಚೀಟಿಯಲ್ಲಿ ಬರೆದು, ಪಕ್ಕದಲ್ಲಿ ಕನ್ನಡದ ಅರ್ಥ ಬರೆದು ಸಿಸ್ಟರ್ ಕೈಗೆ ಕೊಡಿ. ಕಾರವಾರದಲ್ಲಿ ಕೊಂಕಣಿ ಬಲ್ಲ ಸಿಬ್ಬಂದಿಗೆ ಬರವಿಲ್ಲ. ರಾತ್ರಿಪಾಳಿಗೂ ಅಂಥ ಒಬ್ಬರನ್ನು ಹಾಕಿ ಎಂದು ನಿಮ್ಮ ಪತ್ರದಲ್ಲೇ ಕೇಳಿ.